ಅಡ್ವಾನ್ಸೇ ನನ್ನ ಕೋರ್ಟು: ಶಾಸಕರಿಗೆ ಓನರ್ ಆಂಟಿಯ ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ನಮಸ್ಕಾರ. 2023ರ ಚುನಾವಣೆಯ ಬಿಸಿಲಲ್ಲಿ ನೀವು ನಮ್ಮ ಬೀದಿಗೆ ಬಂದಿದ್ದಿರಿ. ನಮ್ಮ ಕಟ್ಟಡದ ಮೆಟ್ಟಿಲು ಹತ್ತಿ, ಎರಡನೇ ಮಹಡಿವರೆಗೂ ಹೋಗಿ, ಬಾಡಿಗೆಯವರಿಗೆಲ್ಲ ಕೈಮುಗಿದು ಇಳಿದು ಬಂದಿರಿ. ನಾನು ಮಜ್ಜಿಗೆ ಕೊಟ್ಟೆ. ಕುಡಿಯುತ್ತಾ, "ನಿಮಗೇನಮ್ಮಾ ಚಿಂತೆ, ಒಂದನೇ ತಾರೀಕು ಬಂದ್ರೆ ಬಾಡಿಗೆ ಬರುತ್ತೆ" ಅಂದಿರಿ. ಜೊತೆಗಿದ್ದವರು ನಕ್ಕರು. ನಾನೂ ನಕ್ಕೆ. ಆವತ್ತು ಹೇಳದೆ ನುಂಗಿಕೊಂಡ ಮಾತನ್ನು ಈಗ ಬರೆಯುತ್ತಿದ್ದೇನೆ.

ಮೊದಲು ನಮ್ಮ ಆಸ್ತಿಯ ಲೆಕ್ಕ ಹೇಳಿಬಿಡುತ್ತೇನೆ. ಮೂವತ್ತು-ನಲವತ್ತರ ಸೈಟು. ಕೆಳಗೆ ನಾವಿಬ್ಬರು, ಮೇಲಿನ ಎರಡು ಮಹಡಿಯಲ್ಲಿ ನಾಲ್ಕು ಚಿಕ್ಕ ಮನೆಗಳು. ಎಲ್ಲ ಮನೆ ತುಂಬಿದ್ದರೆ ತಿಂಗಳಿಗೆ 42,500 ರೂಪಾಯಿ. ಅದರಲ್ಲಿ 19,400 ಬ್ಯಾಂಕಿನ ಕಂತಿಗೆ ಹೋಗುತ್ತದೆ. ನಮ್ಮ ಯಜಮಾನರು ಖಾಸಗಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದವರು. ಪಿಎಫ್ ಪಿಂಚಣಿ ಮೂರು ಸಾವಿರ ಚಿಲ್ಲರೆ. ನಮಗೆ ಬಾಡಿಗೆಯೇ ಪಿಂಚಣಿ. ಬಾಡಿಗೆಯವರು ನನ್ನನ್ನು ಕರೆಯುವುದು 'ಓನರ್ ಆಂಟಿ' ಅಂತ. ಹೆಸರು ಎಷ್ಟೋ ಜನಕ್ಕೆ ಗೊತ್ತಿಲ್ಲ.

ನಾನು ಹುಟ್ಟಾ ಓನರ್ ಅಲ್ಲ. ಮದುವೆಯಾಗಿ ಬಂದಮೇಲೆ ಹನ್ನೆರಡು ವರ್ಷ ಚಾಮರಾಜಪೇಟೆಯ ವಠಾರದಲ್ಲಿದ್ದೆವು. ಬೆಳಿಗ್ಗೆ ಏಳಕ್ಕೆ ಸರಿಯಾಗಿ ನಲ್ಲಿ ನಿಲ್ಲಿಸುವ ಮನೆಯೊಡತಿಯನ್ನು ಎಷ್ಟು ಬೈದುಕೊಂಡಿದ್ದೇನೋ ಲೆಕ್ಕವಿಲ್ಲ. ಮನೆ ಬಿಡುವಾಗ ಅಡ್ವಾನ್ಸಿಗಾಗಿ ಆರು ಸಲ ಅಲೆದಿದ್ದೇವೆ. ಆದ್ದರಿಂದ ಬಾಡಿಗೆಯವರು ಪೀಡಕರು, ಮಾಲೀಕರು ಪಾಪದವರು ಅಂತ ಹೇಳಲು ಈ ಪತ್ರ ಬರೆಯುತ್ತಿಲ್ಲ. ಸುಣ್ಣಬಣ್ಣದ ಹೆಸರಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡು, ಬಣ್ಣವನ್ನೇ ಹೊಡೆಸದೆ ಮುಂದಿನವರಿಗೆ ಮನೆ ಕೊಡುವವರು ನಮ್ಮ ಬೀದಿಯಲ್ಲೇ ಇದ್ದಾರೆ. ಮನೆ ನೋಡಲು ಬಂದವರನ್ನು "ನೀವು ಯಾವ ಪೈಕಿ?" ಅಂತ ಕೇಳುವವರೂ ಇದ್ದಾರೆ. ನಾನೂ ಒಮ್ಮೆ ಕೇಳಿದ್ದೆ. ಆ ಹುಡುಗಿ ಉತ್ತರ ಕೊಡದೆ ಚಪ್ಪಲಿ ಹಾಕಿಕೊಂಡು ಹೊರಟುಹೋದಳು. ಅವತ್ತಿನಿಂದ ಆ ಪ್ರಶ್ನೆ ಬಿಟ್ಟೆ.

ಈಗ ಎರಡನೇ ಮಹಡಿಯ ವಿಷಯಕ್ಕೆ ಬರುತ್ತೇನೆ.

ಎರಡು ವರ್ಷದ ಹಿಂದೆ ಅಲ್ಲಿಗೆ ಒಂದು ಚಿಕ್ಕ ಸಂಸಾರ ಬಂತು. ಗಂಡ, ಹೆಂಡತಿ, ಮೂರು ವರ್ಷದ ಮಗು. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವುದು ವಾಡಿಕೆ, ನಿಮಗೆ ಗೊತ್ತೇ ಇದೆ. "ಅಷ್ಟು ಆಗಲ್ಲ ಆಂಟಿ" ಅಂದರು. ನಮ್ಮ ಮಗಳೂ ಪುಣೆಯಲ್ಲಿ ಬಾಡಿಗೆಗಿದ್ದಾಳೆ, ನೆನಪಾಯಿತು. ಮೂರು ತಿಂಗಳದ್ದು ಸಾಕು ಅಂದೆ. ಬಾಡಿಗೆ ಹತ್ತು ಸಾವಿರ, ಅಡ್ವಾನ್ಸ್ ಮೂವತ್ತು ಸಾವಿರ. ಬೀದಿ ಕೊನೆಯ ಜೆರಾಕ್ಸ್ ಅಂಗಡಿಯಲ್ಲಿ ಹನ್ನೊಂದು ತಿಂಗಳ ಕರಾರು ಪತ್ರ ಟೈಪ್ ಮಾಡಿಸಿದೆವು. ಹನ್ನೊಂದೇ ಯಾಕೆ ಅಂದ್ರೆ, ಒಂದು ವರ್ಷ ಮೀರಿದರೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ನೋಂದಣಿ ಮಾಡಿಸಬೇಕು. ಅದು 1908ರ ಕಾನೂನು. ಅದರಿಂದ ತಪ್ಪಿಸಿಕೊಳ್ಳಲು ಊರಿಗೆ ಊರೇ ಹನ್ನೊಂದು ತಿಂಗಳ ಲೆಕ್ಕದಲ್ಲಿ ಬದುಕುತ್ತಿದೆ.

ನಾಲ್ಕು ತಿಂಗಳು ಬಾಡಿಗೆ ಸರಿಯಾಗಿ ಬಂತು. ಐದನೇ ತಿಂಗಳು "ಸ್ವಲ್ಪ ತಡ ಆಗುತ್ತೆ ಆಂಟಿ". ಆರನೇ ತಿಂಗಳು ಫೋನ್ ಎತ್ತಲಿಲ್ಲ. ಕೆಲಸ ಹೋಗಿತ್ತು, ಅದು ನಿಜ. ನನಗೂ ಸಂಕಟ ಆಯಿತು. ಆದರೆ ಐದನೇ ತಾರೀಕು ಕಂತು ಕತ್ತರಿಸುವ ಬ್ಯಾಂಕಿಗೆ ಯಾರ ಕೆಲಸ ಹೋಯಿತು ಅಂತ ಹೇಳಲಿ? ಮೂರು ತಿಂಗಳಲ್ಲಿ ಅಡ್ವಾನ್ಸ್ ಕರಗಿತು. ಆಮೇಲೆ ಇನ್ನೂ ಐದು ತಿಂಗಳು ಅವರು ಅಲ್ಲೇ ಇದ್ದರು.

ಪೊಲೀಸ್ ಠಾಣೆಗೆ ಹೋದೆ. "ಅಮ್ಮಾ, ಇದು ಸಿವಿಲ್ ಮ್ಯಾಟರ್, ನಮ್ಮದಲ್ಲ" ಅಂದರು. ಅವರು ಹೇಳಿದ್ದು ಸರಿಯೇ. ವಕೀಲರ ಹತ್ತಿರ ಹೋದೆ. ಬಾಡಿಗೆ ಕಾಯ್ದೆ ಅಂತ ಇದೆಯಲ್ಲ ಸಾರ್, ಅದರಲ್ಲಿ ಕೇಸ್ ಹಾಕೋಣ ಅಂದೆ. ಆವತ್ತು ಅವರು ಹೇಳಿದ ಒಂದು ಮಾತಿಗಾಗಿಯೇ ಈ ಪತ್ರ ಬರೆಯಬೇಕು ಅನ್ನಿಸಿದ್ದು.

ಕರ್ನಾಟಕ ಬಾಡಿಗೆ ಕಾಯ್ದೆ 1999ರದ್ದು. ಬೆಂಗಳೂರಿನಂಥ ಊರಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಮನೆ ಆ ಕಾಯ್ದೆಗೆ ಸೇರುವುದೇ ಇಲ್ಲ. ಸಣ್ಣ ಊರುಗಳಿಗೆ ಆ ಮಿತಿ 2,000. ಸ್ವಾಮಿ, ನಮ್ಮ ಕ್ಷೇತ್ರದಲ್ಲಿ ಈಗ 3,500ಕ್ಕೆ ಏನು ಸಿಗುತ್ತದೆ? ಕಾರು ನಿಲ್ಲಿಸಲು ಜಾಗ ಸಿಕ್ಕರೆ ಹೆಚ್ಚು. ಅಂದರೆ ಹೆಸರಿಗೆ ಬಾಡಿಗೆ ಕಾಯ್ದೆ ಇದೆ, ಬಾಡಿಗೆ ಮನೆಗಳೆಲ್ಲ ಅದರ ಹೊರಗಿವೆ. ನಮಗೆ ಉಳಿಯುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರಂತೆ ಹದಿನೈದು ದಿನದ ನೋಟಿಸ್ ಕೊಡಬೇಕು, ಆಮೇಲೆ ಕೋರ್ಟಿನಲ್ಲಿ ದಾವೆ ಹೂಡಬೇಕು. "ಎಷ್ಟು ದಿನ ಆಗುತ್ತೆ ಸಾರ್?" ಅಂದೆ. ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. "ದಿನದ ಲೆಕ್ಕ ಕೇಳಬೇಡಿ" ಅಂದರು.

ಪಕ್ಕದ ಬೀದಿಯ ಓನರೊಬ್ಬರು ಸುಲಭದ ದಾರಿ ಹೇಳಿಕೊಟ್ಟರು. "ಫ್ಯೂಸ್ ಕಿತ್ತುಬಿಡಿ, ನೀರಿನ ವಾಲ್ವ್ ತಿರುಗಿಸಿ, ಎರಡೇ ದಿನದಲ್ಲಿ ಹೋಗ್ತಾರೆ." ಮೇಲೆ ಮಗು ಇತ್ತು. ಹಾಗೆ ಮಾಡಲಿಲ್ಲ. ಒಂದು ರಾತ್ರಿ ಮೀಟರ್ ಬೋರ್ಡಿನ ಮುಂದೆ ನಿಂತು ಯೋಚಿಸಿದ್ದು ಮಾತ್ರ ಸುಳ್ಳಲ್ಲ.

ಕೊನೆಗೆ ಏನಾಯಿತು ಗೊತ್ತಾ? ಬಾಕಿ ಐವತ್ತು ಸಾವಿರ ಬಿಟ್ಟೆ ಅಂತ ಬರೆದುಕೊಟ್ಟೆ. ಊರಿಗೆ ಸಾಮಾನು ಸಾಗಿಸಲು ದುಡ್ಡಿಲ್ಲ ಅಂದರು. ಬಾಡಿಗೆ ಕೊಡದವರಿಗೆ ಲಾರಿ ಬಾಡಿಗೆ ನಾನೇ ಕೊಟ್ಟೆ. ಎಂಟು ಸಾವಿರ. ಹೋಗುವಾಗ ಆ ಹೆಂಗಸು ಅರಿಶಿನ ಕುಂಕುಮ ತೆಗೆದುಕೊಂಡು ಹೋದಳು, ಕಣ್ಣಲ್ಲಿ ನೀರಿತ್ತು. ಅವಳ ಮೇಲೆ ನನಗೆ ಸಿಟ್ಟಿಲ್ಲ.

ಮುಂದಿನ ಸಲ ಮಾತ್ರ ಹತ್ತು ತಿಂಗಳ ಅಡ್ವಾನ್ಸ್ ಹೇಳಿದೆ. ಒಂದು ರೂಪಾಯಿ ಬಿಡಲಿಲ್ಲ. ಮನೆ ಎರಡೂವರೆ ತಿಂಗಳು ಖಾಲಿ ಬಿತ್ತು, ಆದರೂ ಬಿಡಲಿಲ್ಲ. ಹತ್ತು ತಿಂಗಳ ಅಡ್ವಾನ್ಸ್ ಅನ್ಯಾಯ ಅಂತ ಪೇಪರಲ್ಲಿ, ಫೋನಲ್ಲಿ ದಿನಾ ಬೈಗುಳ ಓದುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಒಂದು ಲಕ್ಷ ಎಲ್ಲಿಂದ ತರಬೇಕು? ಒಪ್ಪುತ್ತೇನೆ. ಆದರೆ ನನಗೆ ಠಾಣೆ ಇಲ್ಲ, ಕಾಯ್ದೆ ಇಲ್ಲ, ಕೋರ್ಟಿಗೆ ಹೋಗುವ ವಯಸ್ಸಿಲ್ಲ. ನನ್ನ ಕೈಲಿರುವ ಕೋರ್ಟು ಅಂದರೆ ಆ ಅಡ್ವಾನ್ಸ್ ಒಂದೇ. ಅದನ್ನು ಬಿಟ್ಟುಕೊಡಿ ಅನ್ನುವವರು ಅದರ ಬದಲಿಗೆ ಏನು ಕೊಡುತ್ತೀರಿ ಅಂತಲೂ ಹೇಳಬೇಕಲ್ವಾ?

ಕೊಡಲು ಒಂದು ದಾರಿ ಆಗಲೇ ಇದೆ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟು ರಾಜ್ಯಗಳಿಗೆ ಕಳಿಸಿತು. ನನ್ನ ಮಗಳು ಅದನ್ನು ಫೋನಲ್ಲಿ ಕಳಿಸಿದಳು, ಕೂತು ಓದಿದೆ. ವಾಸದ ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ಕೇಳುವಂತಿಲ್ಲ. ಮಾಲೀಕರು ನೀರು, ಕರೆಂಟು ಕತ್ತರಿಸುವಂತಿಲ್ಲ. ಮನೆಯೊಳಗೆ ಬರಬೇಕಾದರೆ ಇಪ್ಪತ್ನಾಲ್ಕು ಗಂಟೆ ಮೊದಲು ತಿಳಿಸಬೇಕು. ಇವೆಲ್ಲ ಬಾಡಿಗೆಯವರ ಕಡೆಗೆ. ನಮ್ಮ ಕಡೆಗೆ ಅಂದರೆ, ಬಾಡಿಗೆ ಜಗಳಕ್ಕೇ ಪ್ರತ್ಯೇಕ ಪ್ರಾಧಿಕಾರ, ಪ್ರತ್ಯೇಕ ಕೋರ್ಟು. ಅರವತ್ತು ದಿನದೊಳಗೆ ತೀರ್ಮಾನ ಮಾಡಲು ನೋಡಬೇಕು. ಅವಧಿ ಮುಗಿದರೂ ಮನೆ ಬಿಡದಿದ್ದರೆ ಮೊದಲ ಎರಡು ತಿಂಗಳು ಎರಡು ಪಟ್ಟು ಬಾಡಿಗೆ, ಆಮೇಲೆ ನಾಲ್ಕು ಪಟ್ಟು.

ಆ ನಾಲ್ಕು ಪಟ್ಟು ನನಗೆ ಬೇಡ. ಕೆಲಸ ಕಳೆದುಕೊಂಡವನ ಹತ್ತಿರ ಒಂದು ಪಟ್ಟಿಗೇ ದುಡ್ಡಿರಲ್ಲ, ನಾಲ್ಕು ಪಟ್ಟು ಎಲ್ಲಿಂದ ವಸೂಲಿ ಮಾಡಲಿ? ಆದರೆ ಅರವತ್ತು ದಿನದ ಮಾತು ಕೊಡಿ. ಅವತ್ತೇ ಎಂಟು ತಿಂಗಳ ಅಡ್ವಾನ್ಸ್ ಬಾಡಿಗೆಯವರ ಕೈಗೆ ವಾಪಸ್ ಕೊಡುತ್ತೇನೆ. ಪಕ್ಕದ ತಮಿಳುನಾಡು 2017ರಲ್ಲೇ ಹೊಸ ಬಾಡಿಗೆ ಕಾನೂನು ಮಾಡಿ 2019ರಲ್ಲಿ ಜಾರಿಗೆ ತಂದಿದೆ. ನಾವು 3,500ರ ಹತ್ತಿರವೇ ನಿಂತಿದ್ದೇವೆ.

ಸರ್ಕಾರಕ್ಕೆ ನಾವು ಕಾಣುವುದೇ ಇಲ್ಲ ಅನ್ನಲಾರೆ. ತೆರಿಗೆ ಕಟ್ಟುವಾಗ ಚೆನ್ನಾಗಿ ಕಾಣುತ್ತೇವೆ. ಬೆಂಗಳೂರಲ್ಲಿ 2008ರಲ್ಲಿ ಬಂದ ಆಸ್ತಿ ತೆರಿಗೆ ಪದ್ಧತಿಯಲ್ಲಿ, ನಾವೇ ವಾಸವಿರುವ ಮನೆಗೆ ಒಂದು ದರವಾದರೆ ಬಾಡಿಗೆಗೆ ಕೊಟ್ಟ ಮನೆಗೆ ಅದರ ಎರಡರಷ್ಟು ದರ ಇಟ್ಟರು. ಅದಕ್ಕೇ ಎಷ್ಟೋ ಜನ ಬಾಡಿಗೆ ಮನೆಯನ್ನೂ 'ಸ್ವಂತ ವಾಸ' ಅಂತ ಬರೆದು ಕೂತಿದ್ದರು. ನಿಜ ಬರೆದವರು ದಂಡ ತೆತ್ತಂತೆ ಆಯಿತು. 2025ರ ಏಪ್ರಿಲ್‌ನಿಂದ ಕಸದ ಶುಲ್ಕವೂ ಆಸ್ತಿ ತೆರಿಗೆ ಜೊತೆಗೇ ಸೇರಿ ಬರುತ್ತಿದೆ. ಕಸ ಐದು ಮನೆಯದ್ದು, ಬಿಲ್ಲು ನನ್ನ ಹೆಸರಿಗೆ. ಬಾಡಿಗೆಯವರ ಹತ್ತಿರ ಕೇಳಿದರೆ "ಅಗ್ರಿಮೆಂಟಲ್ಲಿ ಇಲ್ವಲ್ಲ ಆಂಟಿ" ಅನ್ನುತ್ತಾರೆ.

ಕರೆಂಟಿನ ವಿಷಯದಲ್ಲಿ ಗೃಹಜ್ಯೋತಿ ಬಂದಮೇಲೆ ಬಾಡಿಗೆಯವರಿಗೆ ಅನುಕೂಲವಾಗಿದೆ, ಸಂತೋಷ. ಆದರೆ ಒಬ್ಬರು ಮನೆ ಬಿಟ್ಟು ಇನ್ನೊಬ್ಬರು ಬಂದಾಗಲೆಲ್ಲ ಹಳೆಯವರ ಆಧಾರ್ ಬಿಡಿಸಿ ಹೊಸಬರದ್ದು ಸೇರಿಸುವ ಓಡಾಟ ನನ್ನ ಪಾಲಿಗೆ. ನೀರಿನ ಮೋಟರು, ಮೆಟ್ಟಿಲ ದೀಪದ ಮೀಟರಿಗೆ ಆ ಭಾಗ್ಯವೂ ಇಲ್ಲ.

ನೀರಿನದ್ದು ಬೇರೆಯೇ ಕಥೆ. ಐದು ಮನೆಗೆ ಒಂದೇ ಕಾವೇರಿ ಮೀಟರು, ಒಂದೇ ಸಂಪು. ಬಳಕೆ ಏರಿದಂತೆ ದರವೂ ಏರುತ್ತದೆ. ಬಿಲ್ಲನ್ನು ಮನೆ ಲೆಕ್ಕದಲ್ಲಿ ಹಂಚಬೇಕೋ ತಲೆ ಲೆಕ್ಕದಲ್ಲಿ ಹಂಚಬೇಕೋ? ಮನೆ ಲೆಕ್ಕ ಅಂದರೆ ಒಬ್ಬಳೇ ಇರುವ ನರ್ಸ್ ಹುಡುಗಿಗೆ ಅನ್ಯಾಯ. ತಲೆ ಲೆಕ್ಕ ಅಂದರೆ "ಊರಿಂದ ಅಮ್ಮ ಬಂದು ಹದಿನೈದು ದಿನ ಇದ್ರು, ಅದಕ್ಕೂ ದುಡ್ಡಾ?" 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗ ದಿನ ಬಿಟ್ಟು ದಿನ ಟ್ಯಾಂಕರ್ ತರಿಸಿದೆ. ಐದು ಕಿಲೋಮೀಟರ್ ಒಳಗೆ ಆರು ಸಾವಿರ ಲೀಟರಿಗೆ 600 ರೂಪಾಯಿ ಅಂತ ಜಿಲ್ಲಾಡಳಿತ ದರ ಕಟ್ಟಿತು. ಪೇಪರಲ್ಲಿ ಓದಿ ಟ್ಯಾಂಕರಿನವನಿಗೆ ತೋರಿಸಿದೆ. "ಹಾಗಾದ್ರೆ ಪೇಪರಿನವರ ಹತ್ರಾನೇ ನೀರು ತರಿಸ್ಕೊಳಿ ಅಮ್ಮಾ" ಅಂದ. ಕೇಳಿದಷ್ಟು ಕೊಟ್ಟೆ. ಮೇಲಿನ ಮನೆಯಿಂದ "ಆಂಟಿ, ನೀರು ಬರ್ತಿಲ್ಲ" ಅಂತ ಕೂಗು ಬಂದಾಗಲೆಲ್ಲ ನನಗೆ ಚಾಮರಾಜಪೇಟೆಯ ಆ ಮನೆಯೊಡತಿ ನೆನಪಾಗುತ್ತಾಳೆ. ಏಳು ಗಂಟೆಗೆ ಯಾಕೆ ನಿಲ್ಲಿಸುತ್ತಿದ್ದಳು ಅಂತ ಈಗ ಗೊತ್ತಾಗಿದೆ. ಆದರೂ ಇನ್ನೊಂದು ಅರ್ಧ ಗಂಟೆ ಬಿಡಬಹುದಿತ್ತು.

ವೋಟಿನ ಲೆಕ್ಕ ನನಗೂ ಗೊತ್ತು. ನಮ್ಮ ಕಟ್ಟಡದಲ್ಲಿ ಓನರ್ ವೋಟು ಎರಡು, ಬಾಡಿಗೆಯವರದ್ದು ಅದಕ್ಕಿಂತ ಜಾಸ್ತಿ. (ಅದರಲ್ಲಿ ಅರ್ಧ ಇನ್ನೂ ಹಾಸನ, ಕಲಬುರಗಿಯ ಪಟ್ಟಿಯಲ್ಲೇ ಇದೆ ಅನ್ನೋದು ಬೇರೆ ಮಾತು.) ಆದರೆ ನಾನು ಕೇಳುತ್ತಿರುವುದು ಅವರಿಗೂ ಬೇಕಾದದ್ದೇ. ಅಡ್ವಾನ್ಸ್ ವಾಪಸ್ ಬರದೆ ಅಲೆಯುವ ಹುಡುಗನೂ ಅದೇ ಠಾಣೆಗೆ ಹೋಗುತ್ತಾನೆ. ಅವನಿಗೂ ಅದೇ ಉತ್ತರ ಸಿಗುತ್ತದೆ, ಸಿವಿಲ್ ಮ್ಯಾಟರ್ ಅಂತ.

ದೊಡ್ಡದೇನೂ ಬೇಡ. ಮುಂದಿನ ಅಧಿವೇಶನದಲ್ಲಿ ಒಂದು ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಮಂತ್ರಿಗಳು ಸದನದಲ್ಲೇ ಬಾಯಿಬಿಟ್ಟು ಉತ್ತರ ಕೊಡಬೇಕಾದ ಪ್ರಶ್ನೆ ಹಾಕಿ. 1999ರ ಕಾಯ್ದೆಯ 3,500 ರೂಪಾಯಿ ಮಿತಿಯನ್ನು ಯಾವಾಗ ತೆಗೆಯುತ್ತೀರಿ, ಬಾಡಿಗೆ ಜಗಳಕ್ಕೆ ಬೇರೆ ಪ್ರಾಧಿಕಾರವನ್ನು ಯಾವಾಗ ತರುತ್ತೀರಿ, ಅಷ್ಟೇ. ಸರ್ಕಾರದ ಉತ್ತರ ಏನೇ ಬರಲಿ, ಅದರ ಒಂದು ಪ್ರತಿ ನನಗೆ ಕಳಿಸಿಕೊಡಿ. ಜೆರಾಕ್ಸ್ ಮಾಡಿಸಿ ಮೆಟ್ಟಿಲ ಹತ್ತಿರ, ಮೀಟರ್ ಬೋರ್ಡಿನ ಪಕ್ಕದಲ್ಲಿ ಅಂಟಿಸುತ್ತೇನೆ. ಬಾಡಿಗೆಯವರೂ ಓದಲಿ.

ಇಂತಿ,
ನಿಮ್ಮ ಕ್ಷೇತ್ರದ ಮತದಾರಳು,
ಮಜ್ಜಿಗೆ ಕೊಟ್ಟ ಓನರ್ ಆಂಟಿ