ಬಾಗಿಲು ಕಾದ ಮುದುಕ

ಪ್ರೀತಿಯ ತಂಗಿ,

ನಿನ್ನ ಚಿತ್ರಕಥೆಯನ್ನು ಎರಡು ಸಲ ಓದಿದೆ. ಆ ಮನೆಯೊಳಗಿನ ಉಸಿರುಗಟ್ಟುವಿಕೆ ನನ್ನನ್ನೂ ತಟ್ಟಿತು. ನನಗೆ ತೊಡಕಾದದ್ದು ಕೊನೆಗೆ ಬರುವ ಬಾಡಿಗೆದಾರ. ಎಲ್ಲಿಂದಲೋ ಬಂದು, ನಿನ್ನ ನಾಯಕಿಗೆ ಬುದ್ಧಿ ಹೇಳಿ, ಕೈಹಿಡಿದು ಹೊರಗೆ ಕರೆದೊಯ್ಯುತ್ತಾನೆ. ಅಲ್ಲಿಗೆ ಕತೆ ಅವನದಾಗಿಬಿಟ್ಟಿತು.

ಕೇತನ್ ಮೆಹ್ತಾ ನಿರ್ದೇಶಿಸಿದ ‘ಮಿರ್ಚ್ ಮಸಾಲಾ’ (1987) ಚಿತ್ರ ನೋಡು. ಮೊದಲೇ ನೋಡಿದ್ದರೆ, ಈ ಸಲ ಸ್ಮಿತಾ ಪಾಟೀಲರಿಂದ ಕಣ್ಣು ಕಿತ್ತು ಓಂ ಪುರಿಯನ್ನು ಗಮನಿಸು. ಕಷ್ಟ, ಆದರೂ ಪ್ರಯತ್ನಿಸು. ಬ್ರಿಟಿಷರ ಕಾಲದ ಗುಜರಾತಿನ ಹಳ್ಳಿ. ಕಂದಾಯ ವಸೂಲಿಯ ಸುಬೇದಾರನ ಕಣ್ಣು ಸೋನ್‌ಬಾಯಿಯ (ಸ್ಮಿತಾ) ಮೇಲೆ ಬೀಳುತ್ತದೆ. ಅವಳು ಅವನ ಕೆನ್ನೆಗೆ ಬಾರಿಸಿ, ಓಡಿ, ಮೆಣಸಿನಪುಡಿ ಕಾರ್ಖಾನೆ ಹೊಗುತ್ತಾಳೆ. ಅಲ್ಲಿನ ಮುದಿ ಕಾವಲುಗಾರ ಅಬು ಮಿಯಾ (ಓಂ ಪುರಿ) ಬಾಗಿಲು ಹಾಕುತ್ತಾನೆ.

ಬಾಗಿಲು ಹಾಕುವುದು ಕಾವಲುಗಾರನ ದಿನನಿತ್ಯದ ಕೆಲಸ. ಅವನ ಧೈರ್ಯವೆಲ್ಲ ಆ ಕೆಲಸದೊಳಗೇ ಇದೆ, ಅದಕ್ಕೇ ನಂಬಿಕೆ ಬರುತ್ತದೆ. ಊರಿನ ಮುಖಿಯೇ (ಮುಖ್ಯಸ್ಥನೇ) ಬಂದು ಒತ್ತಾಯಿಸಿದರೂ ಅವನು ಜಗ್ಗುವುದಿಲ್ಲ. ಒಬ್ಬಳನ್ನು ಒಪ್ಪಿಸಿ ಊರು ಉಳಿಸೋಣ ಎನ್ನುವ ಗಂಡಸರ ಲೆಕ್ಕಾಚಾರದಲ್ಲಿ ಅವನಿಗೆ ಪಾಲಿಲ್ಲ. ಅವನು ಮುಸಲ್ಮಾನ, ಸಂಬಳದ ಆಳು. ಹೊರಗಿನವನಾದ್ದರಿಂದಲೇ ಆ ಲೆಕ್ಕ ಎಷ್ಟು ಹೊಲಸೆಂಬುದು ಅವನಿಗೆ ನಿಚ್ಚಳವಾಗಿ ಕಾಣುತ್ತದೆ.

ಒಳಗಿನ ಹೆಂಗಸರೂ ಹೆದರಿ ಸೋನ್‌ಬಾಯಿಯ ಮೇಲೆ ತಿರುಗಿಬೀಳುತ್ತಾರೆ. ಅವಳು ಇನ್ನೇನು ಸೋತು ಹೊರಡಬೇಕು, ಆಗ ಅಬು ಮಿಯಾ ತಡೆಯುತ್ತಾನೆ. ಅವನ ಸಿಟ್ಟು ಯಾರ ಕಡೆಗೆ ಹೋಗುತ್ತದೆ ನೋಡು: ಮನೆಯಲ್ಲಿ ಹೆಂಡಂದಿರ ಮೇಲೆ ಗತ್ತು ತೋರಿಸಿ ಸುಬೇದಾರನೆದುರು ಬಾಲ ಮುದುರುವ ಗಂಡಸರ ಕಡೆಗೆ. ನಿನ್ನ ಬಾಡಿಗೆದಾರ ಎರಡು ಪುಟ ಅವಳಿಗೆ ಉಪದೇಶ ಮಾಡುತ್ತಾನಲ್ಲ, ಅವನು ಒಮ್ಮೆಯಾದರೂ ಅವಳ ಗಂಡನ ಮುಖ ನೋಡಿ ಮಾತಾಡಿದ್ದಾನೆಯೇ?

ಕೊನೆಗೆ ಸಿಪಾಯಿಗಳು ಬಾಗಿಲು ಒಡೆಯುತ್ತಾರೆ. ಅಬು ಮಿಯಾ ಒಬ್ಬನನ್ನು ಹೊಡೆದುರುಳಿಸುತ್ತಾನೆ, ಮರುಕ್ಷಣ ತಾನೂ ಸಾಯುತ್ತಾನೆ. ಅವನ ಗುಂಡು ಸುಬೇದಾರನಿಗೆ ತಗುಲಿದ್ದರೆ ಚಿತ್ರ ಅಲ್ಲಿಗೇ ಹಾಳಾಗುತ್ತಿತ್ತು. ಅವನು ಸತ್ತ ಮೇಲೆ ಹೆಂಗಸರೇ ಚೀಲ ಚೀಲ ಮೆಣಸಿನಪುಡಿ ತಂದು ಸುಬೇದಾರನ ಮುಖಕ್ಕೆ ಎರಚುತ್ತಾರೆ. ದಿನವೂ ಮೈಕೈ ಉರಿಸಿಕೊಂಡು ದುಡಿದದ್ದು ಆ ಪುಡಿಯಲ್ಲೇ. ಮುದುಕ ಅವರಿಗೆ ಗೆಲುವನ್ನು ತಂದುಕೊಡಲಿಲ್ಲ, ಒಂದಿಷ್ಟು ಹೊತ್ತು ಗಳಿಸಿಕೊಟ್ಟ. ಆ ಹೊತ್ತಿನಲ್ಲಿ ಅವರು ಬದಲಾದರು.

ಬಾಡಿಗೆದಾರನನ್ನು ತೆಗೆದುಹಾಕಬೇಡ. ಅವನಿಗೊಂದು ಕಸುಬು ಕೊಡು. ಅವನು ಕಳೆದುಕೊಳ್ಳುವಂಥದ್ದು ಏನಾದರೂ ಇರಲಿ, ಆ ಮನೆಯ ಸೂರಾದರೂ ಸರಿ. ಬೀಗದ ಕೈ ಎಲ್ಲಿದೆ ಎಂದು ಅತ್ತೆ ಕೇಳಿದಾಗ ಅವನು ಸುಮ್ಮನಿದ್ದರೆ ಸಾಕು. ಬಾಗಿಲನ್ನು ಅವಳೇ ತೆಗೆಯಲಿ. ತಿದ್ದಿದ ಮೇಲೆ ಕಳಿಸು, ಕಾಯುತ್ತಿರುತ್ತೇನೆ.

ನಿನ್ನ ಅಕ್ಕ