ಆ ರಿವರ್ಸ್ ಟ್ಯೂನಿಗೂ ಒಂದು ಹೆಸರಿದೆ ಕಣೋ

ಲೋ ಸೀನ,

ನೀನು ಕಳಿಸಿದ ಎರಡೂ ಆಡಿಯೋ ಕೇಳಿದೆ. ಮೊದಲನೆಯದು ಶುರುವಾಗಿ ಎರಡು ಸೆಕೆಂಡ್ ಆಗಿರಲಿಲ್ಲ. ಅಡುಗೆಮನೆಯಿಂದ ಅಮ್ಮ, "ಯಾರೋ ಕಾರು ಹಿಂದಕ್ಕೆ ತೆಗೀತಿದಾರೆ, ನಮ್ಮ ಸ್ಕೂಟರ್ ಅಡ್ಡ ಇದೆಯೇನೋ ನೋಡು" ಅಂದಳು. ನಾನೂ ಬಾಗಿಲವರೆಗೆ ಹೋಗಿ ಬಂದೆ ಮಾರಾಯ. ಆಮೇಲೆ ನಿನ್ನ ಮೆಸೇಜ್ ಓದಿದೆ. ತೈವಾನಿನಲ್ಲಿ ಅದು ಕಸದ ಲಾರಿಯಂತೆ! ಆ ಟ್ಯೂನು ಕೇಳಿದ ಕೂಡಲೇ ನಿಮ್ಮ ಬೀದಿಯವರೆಲ್ಲ ಕಸದ ಚೀಲ ಹಿಡಿದು ಕೆಳಗೆ ಓಡುತ್ತಾರಂತೆ, ಕಸವನ್ನು ನೆಲಕ್ಕೆ ಇಡುವ ಹಾಗಿಲ್ಲವಂತೆ, ಲಾರಿಗೇ ಎಸೆಯಬೇಕಂತೆ. ನೀನು ಲುಂಗಿಯಲ್ಲಿ ಓಡುವುದನ್ನು ನೆನೆಸಿಕೊಂಡು ನಕ್ಕೆ.

"ಇದರ ಹೆಸರೇನೋ?" ಅಂತ ಕೇಳಿದ್ದೀಯ. ನಿನ್ನ ಆಫೀಸಿನವರು "ಕಸದ ಲಾರಿ ಹಾಡು" ಅಂದರಂತೆ. ನಮ್ಮ ಬೀದಿಯಲ್ಲಿ ಕೇಳಿದರೆ "ರಿವರ್ಸ್ ಟ್ಯೂನು" ಅನ್ನುತ್ತಾರೆ. ನಾನೂ ಅಷ್ಟೇ ಹೇಳಿ ಸುಮ್ಮನಾಗಬಹುದಿತ್ತು. ಆದರೆ ಈ ಟ್ಯೂನಿಗೂ ನಮಗೂ ಹಳೇ ನಂಟಿದೆ, ಅಲ್ವಾ?

ಡಿಪ್ಲೊಮಾದಲ್ಲಿ ಇದ್ದಾಗ ಎಸ್.ಪಿ. ರೋಡಿಗೆ ಹೋಗಿದ್ದು ನೆನಪಿದೆಯಾ? ಕಾಲಿಂಗ್ ಬೆಲ್ ಮಾಡುತ್ತೇವೆ ಅಂತ ಯುಎಂ66 ಕೇಳಿದೆವು, ಅದೇ, ಟ್ಯೂನು ನುಡಿಸುವ ಚಿಪ್ಪು. ನೋಡೋಕೆ ಟ್ರಾನ್ಸಿಸ್ಟರ್ ಹಾಗೇ, ಮೂರು ಕಾಲು, ಕಡಲೆಬೀಜದಷ್ಟು. ಅಂಗಡಿಯವನು ತಲೆ ಎತ್ತದೆ, "ಬರ್ತ್‌ಡೇ ಬೇಕಾ, ಜಿಂಗಲ್ ಬೇಕಾ, ರಿವರ್ಸ್ ಬೇಕಾ?" ಅಂದ. ನೀನು ರಿವರ್ಸ್ ಅಂದೆ. ಎರಡು ತಂದೆವು. ಮೊದಲನೆಯದಕ್ಕೆ ನಾನು 9 ವೋಲ್ಟ್ ಬ್ಯಾಟರಿ ಕೊಟ್ಟುಬಿಟ್ಟೆ. ಕೀಚ್ ಅಂತ ಒಂದು ಸಲ ಕೂಗಿ ಸತ್ತೇಹೋಯಿತು. ಅದಕ್ಕೆ ಬೇಕಾಗಿದ್ದು ಮೂರು ವೋಲ್ಟ್, ಎರಡು ಪೆನ್ಸಿಲ್ ಸೆಲ್. ಎರಡನೆಯದನ್ನು ನೀನೇ ಜೋಡಿಸಿದೆ. ಬೆಲ್ ಒತ್ತಿದಾಗಲೆಲ್ಲ ನಿಮ್ಮಜ್ಜಿ ಬಾಗಿಲಿಗೆ ಬರದೆ ಗೇಟ್ ತೆಗೆಯಲು ಹೋಗುತ್ತಿದ್ದರು.

ಆ ಚಿಪ್ಪಿನೊಳಗೆ ಹಿಡಿಯುತ್ತಿದ್ದದ್ದು ಬರೀ 64 ಸ್ವರ. ಯಾವ ಟ್ಯೂನು ಅಂತ ಹೇಳುವುದು ಹೆಸರಿನ ಬಾಲದಲ್ಲಿದ್ದ ನಂಬರು. ನಮ್ಮದು 19ಎಲ್. ಮೊನ್ನೆ ಅದರ ಡೇಟಾಶೀಟ್, ಅಂದರೆ ಕಂಪನಿಯ ವಿವರದ ಹಾಳೆ, ಹುಡುಕಿ ತೆಗೆದೆ. 19ರ ಮುಂದೆ ಅಚ್ಚಾಗಿದೆ ನೋಡು, "ಫಾರ್ ಎಲೀಸ್". ಆಗ ಆ ಹಾಳೆಯನ್ನು ಓದಿದ್ದರೆ ಹೆಸರೂ ತಿಳಿಯುತ್ತಿತ್ತು, ಚಿಪ್ಪೂ ಉಳಿಯುತ್ತಿತ್ತು.

ಮೂಲ ಹೆಸರು ಜರ್ಮನ್‌ನಲ್ಲಿ "ಫ್ಯೂರ್ ಎಲೀಸ್", ಅಂದರೆ ಎಲೀಸಳಿಗೆ. ಬರೆದವನು ಬೀಥೋವನ್, 1810ರಲ್ಲಿ. ಅದು ಪೂರ್ತಿ ಮೂರು ನಿಮಿಷದ ಪಿಯಾನೊ ತುಣುಕು. ನಮಗೆ ಗೊತ್ತಿರುವುದು ಹೊಸ್ತಿಲು ಮಾತ್ರ ಕಣೋ. ನಾನು ಈ ವಾರವೇ ಮೊದಲ ಸಲ ಪೂರ್ತಿ ಕೇಳಿದ್ದು. ಕಾರು ಹಿಂದಕ್ಕೆ ಬಂದು ನಿಂತ ಮೇಲೂ ಅದು ಮುಗಿಯುವುದಿಲ್ಲ! ಸ್ವಲ್ಪ ಹೊತ್ತು ಖುಷಿಯಾಗಿ ಓಡುತ್ತೆ, ಮತ್ತೆ ನಮ್ಮ ಟ್ಯೂನಿಗೆ ಬರುತ್ತೆ, ಆಮೇಲೆ ಎಡಗೈ ಒಂದೇ ಸ್ವರವನ್ನು ಧಡಧಡ ಬಡಿಯುತ್ತೆ. ಬಾಗಿಲು ಬಡಿದ ಹಾಗೆ. ಅಷ್ಟು ಸಿಟ್ಟು ಅದರೊಳಗಿತ್ತು ಅಂತ ನಾನು ಅಂದುಕೊಂಡಿರಲಿಲ್ಲ. ಕೊನೆಗೆ ಮತ್ತೆ ಅದೇ ಟ್ಯೂನು, ಏನೂ ಆಗಿಲ್ಲ ಅನ್ನೋ ಹಾಗೆ.

ಅತ್ತೆಗೂ ಕೇಳಿಸಿದೆ. ಗೊತ್ತಲ್ಲ, ನಲವತ್ತು ವರ್ಷ ಸಂಗೀತ ಪಾಠ ಹೇಳಿದವರು. ಕಣ್ಣು ಮುಚ್ಚಿ ಕೇಳಿ, ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದುಕೊಟ್ಟರು: ಪ ಮ ಪ ಮ ಪ ರಿ ಮ ಗ ಸ. ಆಮೇಲೆ ಮೊದಲೆರಡು ಮ ಕೆಳಗೆ ಗೆರೆ ಎಳೆದರು. "ಇವು ಪ್ರತಿಮಧ್ಯಮ, ಆಮೇಲಿನದು ಶುದ್ಧ. ಒಂದೇ ಉಸಿರಲ್ಲಿ ಎರಡು ಮಧ್ಯಮ ಇಟ್ಟಿದಾನಲ್ಲೋ ಪುಣ್ಯಾತ್ಮ!" ಅಂದರು. ಪ್ರತಿ ಅಂದರೆ ಸ್ವಲ್ಪ ಮೇಲಿನ ಮ, ಶುದ್ಧ ಅಂದರೆ ಕೆಳಗಿನ ಮ. ಅದಕ್ಕೇ ಅದು ಹಾಗೆ ತಡವರಿಸಿದ ಹಾಗೆ ಕೇಳುವುದಂತೆ. ಪ ಬಿಟ್ಟು ಹೋಗಲು ಮನಸ್ಸಿಲ್ಲ, ಆದರೂ ಅರ್ಧ ಹೆಜ್ಜೆ ಕೆಳಗೆ ಇಳಿದು ವಾಪಸ್ ಬರುತ್ತೆ. ನೀನೂ ಹಾಡಿಕೊಂಡು ನೋಡು. ನನಗಂತೂ ಅಂದಿನಿಂದ ಯಾರು ಕಾರು ತೆಗೆದರೂ ಆ ಎರಡು ಮಧ್ಯಮವೇ ಕೇಳುತ್ತಿದೆ.

ಹೆಸರಿನ ಕತೆ ಇನ್ನೂ ಮಜವಾಗಿದೆ. ಬೀಥೋವನ್ ಬದುಕಿದ್ದಾಗ ಇದು ಅಚ್ಚಾಗಲೇ ಇಲ್ಲ. ಅವನು ಸತ್ತಿದ್ದು 1827ರಲ್ಲಿ. 40 ವರ್ಷ ಆದ ಮೇಲೆ, 1867ರಲ್ಲಿ, ಲುಡ್ವಿಗ್ ನೋಲ್ ಅನ್ನುವವನು ಹಸ್ತಪ್ರತಿ ನೋಡಿ ಅಚ್ಚು ಹಾಕಿಸಿದ. ಮೇಲೆ "ಎಲೀಸಳಿಗೆ, ಏಪ್ರಿಲ್ 27, ನೆನಪಿಗಾಗಿ" ಅಂತ ಬರೆದಿತ್ತು ಅಂದ. ಆಮೇಲೆ ಆ ಹಸ್ತಪ್ರತಿ ಕಳೆದೇಹೋಯಿತು. ಈಗ ಯಾರು ಈ ಎಲೀಸ್? ಬೀಥೋವನ್ನನ ಕೈಬರಹ ನಮ್ಮ ಡಾಕ್ಟರ ಚೀಟಿಗಿಂತ ಕಡೆ. ಹಾಗಾಗಿ ಅದು "ಥೆರೇಸೆ" ಅಂತ ಇದ್ದಿರಬೇಕು, ನೋಲ್ ತಪ್ಪು ಓದಿದ ಅಂತ ಕೆಲವರ ವಾದ. 1810ರಲ್ಲಿ ಅವನು ಥೆರೇಸೆ ಮಾಲ್ಫಾಟಿ ಅನ್ನುವವಳನ್ನು ಮದುವೆಯಾಗಬೇಕು ಅಂತಿದ್ದ, ಅದು ಆಗಲಿಲ್ಲ. ಇಲ್ಲ, ಅದು ಎಲಿಸಬೆತ್ ರೋಕೆಲ್ ಅನ್ನುವ ಗಾಯಕಿ ಅಂತ ಇನ್ನೊಬ್ಬರು. ಅಂದರೆ ನಮಗೆ ಹೆಸರು ಗೊತ್ತಿಲ್ಲ ಅಂತ ನಾಚಿಕೊಳ್ಳುವುದೇನೂ ಬೇಡ ಕಣೋ. ಗೊತ್ತಿರುವವರ ಹೆಸರೂ ಸರಿಯಿದೆ ಅನ್ನುವ ಗ್ಯಾರಂಟಿ ಇಲ್ಲ.

ನಮ್ಮ ಹಾಡುಗಳಿಗೆ ಈ ಗೋಳಿಲ್ಲ ನೋಡು. ಪಲ್ಲವಿಯ ಮೊದಲ ಸಾಲೇ ಹೆಸರು. ಸಿನಿಮಾ ಮರೆತರೂ ಸಾಲು ಹಾಡಿದರೆ ಮುಗೀತು. ಬರೀ ವೀಣೆ ನುಡಿಸಿದರೂ ಅತ್ತೆಯ ತುಟಿ ಸಾಹಿತ್ಯ ಹೇಳುತ್ತಿರುತ್ತೆ. ಪಿಯಾನೊ ತುಣುಕಿಗೆ ಮಾತೇ ಇಲ್ಲ. ಹೆಸರು ಇರುವುದು ಕಾಗದದ ಮೇಲೆ. ಟ್ಯೂನು ಊರೂರು ತಿರುಗುತ್ತೆ, ಕಾಗದ ಅಲ್ಲೇ ಉಳಿಯುತ್ತೆ. ಅದರ ಮೇಲೆ ಹೆಸರುಗಳಾದರೂ ಎಂಥವು! ನಮ್ಮ ರಿವರ್ಸ್ ಟ್ಯೂನಿಗೆ ಪುಸ್ತಕದಲ್ಲಿರುವ ಹೆಸರು "25ನೇ ಬ್ಯಾಗಟೆಲ್, ಎ ಮೈನರ್". ಬ್ಯಾಗಟೆಲ್ ಅಂದರೆ ಪುಟ್ಟ ತುಣುಕು. ಹಾಡೋ ಸರ್ವೆ ನಂಬರೋ? ಅದಕ್ಕೇ ಜನ ತಾವೇ ಹೆಸರು ಇಟ್ಟುಕೊಳ್ಳುತ್ತಾರೆ. ವಾಚಿನ ಜಾಹೀರಾತಿನದನ್ನು ಟೈಟನ್ ಮ್ಯೂಸಿಕ್ ಅಂತೀವಲ್ಲ, ಅದು ಪಿಯಾನೊದ್ದಲ್ಲ ಬಿಡು, ಆದರೂ ಹೇಳುತ್ತೇನೆ. ಅದು ಮೊಜಾರ್ಟ್ 17ನೇ ವಯಸ್ಸಿಗೆ, 1773ರಲ್ಲಿ ಬರೆದ 25ನೇ ಸಿಂಫನಿ. ಟೈಟನ್ ಮ್ಯೂಸಿಕ್ ಅನ್ನುವುದೇ ಚೆನ್ನಾಗಿದೆ.

ಈಗ ನಿನ್ನ ಎರಡನೇ ಆಡಿಯೋ, ಕಸದ ಲಾರಿಯದೇ ಇನ್ನೊಂದು ಟ್ಯೂನು. ಇದು ನನಗೆ ಗೊತ್ತಿರಲಿಲ್ಲ. ಫೋನಿಗೆ ಗುನುಗಿ ಹುಡುಕೋಣ ಅಂದರೆ ಯಾವುದೋ ಹಿಂದಿ ಹಾಡು ತೋರಿಸಿತು, ತಪ್ಪು ನನ್ನ ಕಂಠದ್ದೇ. ಕೊನೆಗೆ ನಿನ್ನ ಆಡಿಯೋವನ್ನೇ ಕೇಳಿಸಿದೆ, ಸಿಕ್ಕಿತು. "ಕನ್ಯೆಯ ಪ್ರಾರ್ಥನೆ" ಅಂತ. ಬರೆದವಳು ಟೆಕ್ಲಾ ಬಂದಾಜೆವ್ಸ್ಕಾ, ಪೋಲೆಂಡಿನವಳು. 1856ರಲ್ಲಿ ವಾರ್ಸಾದಲ್ಲಿ ಅಚ್ಚಾಯಿತು. ಎರಡು ವರ್ಷದ ಮೇಲೆ ಪ್ಯಾರಿಸ್ಸಿನ ಒಂದು ಸಂಗೀತ ಪತ್ರಿಕೆ ಅದನ್ನು ಮತ್ತೆ ಅಚ್ಚು ಹಾಕಿತು. ಅಲ್ಲಿಂದ ಪಿಯಾನೊ ಇದ್ದ ಮನೆಮನೆಯಲ್ಲೂ ಅದೇ. ಪಂಡಿತರು ಮೂಗು ಮುರಿದರು. ಮನೆಯ ಹೆಣ್ಣುಮಕ್ಕಳು ನುಡಿಸುತ್ತಲೇ ಇದ್ದರು. ಅವಳು 1861ರಲ್ಲೇ ತೀರಿಕೊಂಡಳು. ಶುಕ್ರಗ್ರಹದ ಮೇಲೆ ಒಂದು ಕುಳಿಗೆ ಅವಳ ಹೆಸರಿಟ್ಟಿದ್ದಾರೆ ಗೊತ್ತಾ? ಶುಕ್ರನ ಮೇಲೆ ಹೆಸರಿದೆ, ನಿಮ್ಮ ಬೀದಿಯಲ್ಲಿ ಇಲ್ಲ. ಮುಂದಿನ ಸಲ ಲಾರಿ ಬಂದಾಗ ಪಕ್ಕದವರಿಗೆ ಹೇಳು. ಚೀಲ ಎಸೆದ ಮೇಲೆ ಹೇಳು, ಲಾರಿ ನಿಲ್ಲಲ್ಲ.

ಮಗಳ ಕೀಬೋರ್ಡ್ ಪುಸ್ತಕ ತೆಗೆದು ನೋಡಿದರೆ ಅಲ್ಲೂ ಇದೇ ಕತೆ. ಮಕ್ಕಳೆಲ್ಲ ಮೊದಲು ಕಲಿಯುವ ಜಿ ಮೇಜರ್ ಮಿನ್ಯುಯೆಟ್ (ಹಳೇ ಕುಣಿತದ ಟ್ಯೂನು) ಮೇಲೆ "ಬಾಖ್" ಅಂತ ಅಚ್ಚಾಗಿದೆ. ಅದು ಬಾಖ್‌ನದ್ದಲ್ಲ. ಕ್ರಿಸ್ಟಿಯಾನ್ ಪೆಟ್ಸೋಲ್ಡ್ ಅನ್ನುವವನದು. ಬಾಖ್ ತನ್ನ ಹೆಂಡತಿಗೆ ಕೊಟ್ಟ 1725ರ ನೋಟ್‌ಬುಕ್ಕಿನಲ್ಲಿ ಅದು ಹೆಸರಿಲ್ಲದೆ ಕೂತಿತ್ತು, ಅದಕ್ಕೇ ಮನೆ ಯಜಮಾನನ ಹೆಸರೇ ಅಂಟಿಕೊಂಡಿತು. ಇನ್ನೊಂದು, "ಚಾಪ್‌ಸ್ಟಿಕ್ಸ್". ಇದರ ಹೆಸರು ಎಲ್ಲರಿಗೂ ಗೊತ್ತು, ಆದರೆ ಅದಕ್ಕೂ ನೀನು ನೂಡಲ್ಸ್ ತಿನ್ನುವ ಕಡ್ಡಿಗೂ ಸಂಬಂಧವಿಲ್ಲ. 1877ರಲ್ಲಿ ಅದನ್ನು ಅಚ್ಚು ಹಾಕಿಸಿದ್ದು ಯುಫೀಮಿಯಾ ಆಲನ್ ಅನ್ನುವ 16 ವರ್ಷದ ಬ್ರಿಟಿಷ್ ಹುಡುಗಿ, ಅದೂ ಗಂಡಸಿನ ಹೆಸರಿನಲ್ಲಿ. ಅಂಗೈ ಓರೆ ಮಾಡಿ, ಬೀನ್ಸ್ ಹೆಚ್ಚುವ ಹಾಗೆ ಕೀ ಮೇಲೆ ಕಡಿಯಬೇಕು, ಅದೇ "ಚಾಪ್". ಮಗಳಿಗೆ ಹೇಳಿದೆ. ಅಂದಿನಿಂದ ಕೀಬೋರ್ಡಿನ ಗತಿ ಕೇಳಬೇಡ.

ಒಂದು ಕೆಲಸ ಇದೆ. ನಮ್ಮ ಯುಎಂ66 ಮಾಡುತ್ತಿದ್ದ ಕಂಪನಿ ಎಲ್ಲಿಯದು ಹೇಳು ನೋಡೋಣ. ನಿನ್ನ ಶಿಂಚುವಿನದೇ! ಬೀಥೋವನ್ ವಿಯೆನ್ನಾದಲ್ಲಿ ಬರೆದ ಟ್ಯೂನು ನಿನ್ನ ಈಗಿನ ಊರಿನ ಚಿಪ್ಪಿನಲ್ಲಿ ಕೂತು ಎಸ್.ಪಿ. ರೋಡಿಗೆ ಬಂದಿತ್ತು. ತೈಪೆಯ ಗುವಾಂಗ್‌ಹುವಾ ಕಡೆ ಹೋದರೆ ಹಳೇ ಬಿಡಿಭಾಗದ ಅಂಗಡಿಯಲ್ಲಿ 19ಎಲ್ ಇದೆಯಾ ಕೇಳು. ಅತ್ತೆಯ ಮನೆಗೆ ಬೆಲ್ ಮಾಡಿಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಎರಡು ಕಳಿಸು. ಒಂದು ಹೇಗೂ ನನ್ನ ಕೈಯಲ್ಲಿ ಸುಡುತ್ತೆ.

ಇಂತಿ ನಿನ್ನ
9 ವೋಲ್ಟ್