ಹಿಂದಿನ ಕೋಣೆಯ ಬೀಗ ತೆಗೆಸಿ

ಮಾನ್ಯರೇ,

ನಮ್ಮೂರಿನ ಗ್ರಂಥಾಲಯದಲ್ಲಿ ಈಗ ಎಲ್ಲಿ ನೋಡಿದರೂ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳೇ. ಕಥೆ, ಪುರಾಣ, ಇತಿಹಾಸ ಎಲ್ಲ ಹಿಂದಿನ ಕೋಣೆ ಸೇರಿವೆ, ಅದಕ್ಕೆ ಬೀಗ. ಕೇಳಿದರೆ ‘ಯಾರೂ ಓದಲ್ಲ ಮೇಡಂ’ ಅಂತಾರೆ. ಟೈಲರಿಂಗ್ ಅಂಗಡಿ ಇಟ್ಟಿರುವ ನಾನು ಓದುತ್ತೇನಲ್ಲ!

ಬೀಗ ಬೀಳುವ ಮುಂಚೆ ತಂದದ್ದು ‘ವಡ್ಡಾರಾಧನೆ’ಯ ಹೊಸಗನ್ನಡ ರೂಪ. ಸಾವಿರ ವರ್ಷ ಹಳೆಯ ಜೈನ ಕಥೆಗಳು. ಅದರಲ್ಲಿ ಸುಕುಮಾರಸ್ವಾಮಿ ಅಂತ ಒಬ್ಬ. ಕೂತಲ್ಲಿ ಸಾಸಿವೆ ಕಾಳು ಒತ್ತಿದರೂ ತಡೆಯದಷ್ಟು ನಾಜೂಕಿನ ಮೈ. ಅಂಥವನು ಸನ್ಯಾಸಿಯಾಗಿ ತಪಸ್ಸಿಗೆ ನಿಲ್ಲುತ್ತಾನೆ. ಹಿಂದಿನ ಜನ್ಮದಲ್ಲಿ ಅವನಿಂದ ಒದೆ ತಿಂದ ಅತ್ತಿಗೆ ನರಿಯಾಗಿ ಹುಟ್ಟಿ, ಮರಿಗಳ ಜೊತೆ ಬಂದು ಅವನ ಕಾಲನ್ನೇ ತಿನ್ನುತ್ತಾಳೆ. ಅವನು ಅಲ್ಲಾಡುವುದಿಲ್ಲ. ನನಗೆ ಮಾತ್ರ ಅವನಿಗಿಂತ ಆ ಅತ್ತಿಗೆಯ ಸಿಟ್ಟೇ ಜಾಸ್ತಿ ಅರ್ಥವಾಯಿತು. ಧರ್ಮಗ್ರಂಥ ಅಂದರೆ ಬರೀ ಉಪದೇಶ ಅಂದುಕೊಂಡವರು ಇದನ್ನು ಓದಬೇಕು.

ಆಮೇಲೆ ಪೋರ್ಚುಗೀಸ್ ಪ್ರವಾಸಿ ಪಾಯಸ್ 1520ರ ಸುಮಾರಿಗೆ ವಿಜಯನಗರ ಕಂಡು ಬರೆದದ್ದು ಓದಿದೆ. ಕೃಷ್ಣದೇವರಾಯ ಬೆಳಗಾಗುವ ಮುಂಚೆ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಎಣ್ಣೆ ಹಚ್ಚಿಸಿಕೊಂಡು, ಕತ್ತಿ ಬೀಸಿ, ಕುಸ್ತಿ ಆಡುತ್ತಿದ್ದನಂತೆ. ಪರೀಕ್ಷೆಯ ಗೈಡಿನಲ್ಲಿ ಅವನ ಪಟ್ಟಾಭಿಷೇಕದ ಇಸವಿ ಸಿಗುತ್ತದೆ, ಎಳ್ಳೆಣ್ಣೆ ಸಿಗಲ್ಲ.

ಆಸ್ತಿ ತೆರಿಗೆ ಕಟ್ಟುವಾಗ ನಾವೆಲ್ಲ ಅದರ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಗೈಡು ಬೇಡ ಅಂತಲ್ಲ, ಓದುವ ಮಕ್ಕಳಿಗೆ ಬೇಕು. ಆದರೆ ವಾರಕ್ಕೆ ಎರಡು ಸಂಜೆಯಾದರೂ ಆ ಕೋಣೆ ತೆರೆಯಲಿ. ಧೂಳು ಒರೆಸಲು ಜನ ಇಲ್ಲ ಅಂದರೆ ನಾನೇ ಬರುತ್ತೇನೆ. ಭಾನುವಾರ ಅಂಗಡಿ ರಜ.

– ಒಬ್ಬ ಓದುಗಿ, ಹಾಸನ ಜಿಲ್ಲೆ